ದೀಪಕ್ಕೆ ಮುಂಚಿನ ಪದ್ಯ

ಕಾಡು ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಕೇಳದಿದ್ದ ಕಾಲ ಒಂದಿತ್ತಂತೆ. ಆಗ ಒಬ್ಬ ದೊಡ್ಡವನಿದ್ದನಂತೆ. ಮೈ ದೊಡ್ಡದು, ಹಸಿವು ದೊಡ್ಡದು, ಮರ್ಯಾದೆ ಅದಕ್ಕಿಂತ ದೊಡ್ಡದು. ಕರೆಯದೆ ಯಾರ ಮನೆಗೂ ಹೋಗುವವನಲ್ಲ, ಕರೆದರೆ ಹೋಗದೆ ಇರುವವನೂ ಅಲ್ಲ. ಯಾರಾದರೂ ಕರೆದದ್ದು ಕೇಳಿಸದೆ ಹೋದೀತೆಂದು ದೇವರ ಹತ್ತಿರ ಬೇಡಿಕೊಂಡು ಮೊರದಗಲದ ಎರಡು ಕಿವಿ ಇಡಿಸಿಕೊಂಡಿದ್ದನಂತೆ. ಹಗಲಿನಲ್ಲಿ ಹಕ್ಕಿಪಕ್ಕಿಗಳ ಗದ್ದಲ, ಅವನಿಗೆ ಏನೂ ಕೇಳುತ್ತಿರಲಿಲ್ಲ. ಸಂಜೆ ಮನೆಮನೆಯಲ್ಲಿ ದೀಪ ಹಚ್ಚಿ ಲೋಕ ಸುಮ್ಮನಾದ ಮೇಲೆ ಯಾರಾದರೂ ಅವನ ಹೆಸರೆತ್ತಿದರೆ ಸಾಕು, ಏಳು ಗುಡ್ಡದ ಆಚೆಯಿಂದ ಎದ್ದು ಬಂದು, ಬಾಗಿಲಲ್ಲಿ ತಲೆ ಬಗ್ಗಿಸಿ, 'ಕರೆದಿರಾ?' ಎಂದು ಕೇಳುತ್ತಿದ್ದನಂತೆ. ತಲೆ ಬಗ್ಗಿಸಿದ್ದಕ್ಕೇ ಗೋಡೆ ಬೀಳುತ್ತಿತ್ತು. ಬಿದ್ದ ಗೋಡೆ ನೋಡಿ ಅವನಿಗೂ ಅಳು ಬರುತ್ತಿತ್ತು. ಅವನನ್ನು ಅಳಿಸುವುದು ಬೇಡವೆಂದೇ ಜನ ದೀಪ ಹಚ್ಚಿದ ಮೇಲೆ ಅವನ ಹೆಸರು ಹೇಳುವುದನ್ನು ಬಿಟ್ಟರಂತೆ.

ಈ ಕತೆಯನ್ನು ಪದ್ಮಾಕ್ಷಿ ಅಜ್ಜಿ ಹಂಸಿನಿಗೆ ಊಟ ಮಾಡಿಸುತ್ತ ಹೇಳಿದ್ದಳು, ತಲೆ ಬಾಚುತ್ತ ಹೇಳಿದ್ದಳು, ಜ್ವರ ಬಂದಾಗ ಹಣೆಯ ಮೇಲಿನ ಒದ್ದೆಬಟ್ಟೆ ಬದಲಿಸುತ್ತ ಹೇಳಿದ್ದಳು. ಹಂಸಿನಿಗೆ ಅವನ ಬಗ್ಗೆ ಎಂದೂ ಭಯ ಹುಟ್ಟಿರಲಿಲ್ಲ. ಗೋಡೆ ಬಿದ್ದದ್ದಕ್ಕಿಂತ ಅವನು ಅತ್ತದ್ದೇ ಅವಳ ಮನಸ್ಸಿನಲ್ಲಿ ಉಳಿದಿತ್ತು. ಈಗ, ಭಾನುವಾರದ ಮಧ್ಯಾಹ್ನ, ಕುಶಾಲನಗರದಿಂದ ದುಬಾರೆಯ ಕಡೆ ಹೊರಟ ಬಸ್ಸಿನಲ್ಲಿ, ತೊಡೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ಅದರ ಮೇಲೆ ಪಿಯುಸಿಯ ಇಂಗ್ಲಿಷ್ ಪಠ್ಯಪುಸ್ತಕ ಇಟ್ಟುಕೊಂಡು ಕೂತಿದ್ದಾಗ, ಆ ಗೋಡೆಯ ಒಳಗೆ ಇದ್ದವರು ಯಾರು ಎಂದು ಅಜ್ಜಿ ಒಂದು ಸಲವೂ ಹೇಳಿರಲಿಲ್ಲ, ತಾನು ಒಂದು ಸಲವೂ ಕೇಳಿರಲಿಲ್ಲ ಎನ್ನುವುದು ಹೊಳೆದು ಅವಳಿಗೆ ಕಿಟಕಿಯ ಗಾಳಿ ಸಾಲದೆನಿಸಿತು. ನಾಳೆ ಇಂಗ್ಲಿಷ್ ಪೇಪರು. ವಿದ್ಯಾರ್ಥಿನಿ ತುಳಸಿಗೆ 'ಮನೆಗೇ ಬಂದು ಪದ್ಯ ಮಾಡಿಸುತ್ತೇನೆ' ಎಂದು ಮಾತು ಕೊಟ್ಟು ಎರಡು ಭಾನುವಾರ ಕಳೆದಿದ್ದವು. ಮೊದಲನೆಯದಕ್ಕೆ ತಲೆನೋವು ಬಂದಿತ್ತು, ಎರಡನೆಯದಕ್ಕೆ ದೇವಸ್ಥಾನದಲ್ಲಿ ಪೂಜೆ ಮಾಡುವ ಅಪ್ಪನಿಗೆ ಹೂ ಕಟ್ಟಿಕೊಡುವುದಿತ್ತು. ತಲೆನೋವು ನಿಜವಾಗಿಯೂ ಬಂದಿತ್ತೆಂದು ಅವಳು ತನಗೇ ಹೇಳಿಕೊಂಡಿದ್ದಳು. ನಿನ್ನೆ ತುಳಸಿಯ ಅಪ್ಪ ಚಿನ್ನನ ಫೋನು: "ಮೇಡಂ, ಮಗಳು ಇಂಗ್ಲಿಷ್ ಬರ್ಯಕ್ಕೋಗಲ್ಲ ಅಂತಾವ್ಳೆ. ಮಿಕ್ಕಿದ್ದೆಲ್ಲ ಬರೀತಾಳಂತೆ, ಇದೊಂದು ಬ್ಯಾಡವಂತೆ. ಒಂದು ಹೋದ್ರೆ ಎಲ್ಲಾ ಹೋದಂಗಲ್ವ ಮೇಡಂ? ತೋಟದ ರೈಟರು ಆಗ್ಲೇ ಕೇಳ್ತಾವ್ನೆ, ಮಗಳನ್ನ ಕೆಲ್ಸಕ್ಕೆ ಯಾವಾಗ ಕಳಿಸ್ತೀಯ ಅಂತ. ನೀವು ಬರ್ತೀನಿ ಅಂದಿದ್ರಂತೆ." ಆ ಕೊನೆಯ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಪದ್ಯದ ಹೆಸರು 'ಆ್ಯನ್ ಎಲಿಫೆಂಟ್ ಇನ್ ಮಾರ್ಕೆಟ್ ಸ್ಟ್ರೀಟ್'. ಅದನ್ನು ಪಾಠ ಮಾಡಿದ ದಿನ ಹಂಸಿನಿ ತನ್ನ ದನಿಗೆ ತಾನೇ ಮರುಳಾಗಿದ್ದಳು. ಸಿಮಿಲಿ ಎಂದರೆ ನಮ್ಮ ಉಪಮೆ, ಮೆಟಫರ್ ಎಂದರೆ ರೂಪಕ ಎಂದು ಬೋರ್ಡಿನ ಮೇಲೆ ಬರೆದು, ಪರ್ಸಾನಿಫಿಕೇಶನ್‌ಗೆ ಬಂದಾಗ ಉದಾಹರಣೆಯನ್ನು ಪುಸ್ತಕದಿಂದ ಕೊಡದೆ ಅಜ್ಜಿಯ ಕತೆ ಹೇಳಿದ್ದಳು. 'ಕರೆದಿರಾ?' ಎಂದು ಕೇಳುವಾಗ ತಾನೂ ತಲೆ ಬಗ್ಗಿಸಿದ್ದಳು. ಹಿಂದಿನ ಬೆಂಚಿನ ಹುಡುಗರೂ ಮೊಬೈಲು ಮರೆತು ಕೇಳಿದ್ದರು. ಅತಿಥಿ ಉಪನ್ಯಾಸಕಿಗೆ ಅಂಥ ಮೌನ ಸುಲಭಕ್ಕೆ ಸಿಗುವುದಿಲ್ಲ. ಆ ಅಮಲಿನಲ್ಲೇ ಹೇಳಿದ್ದಳು: ಮನೆಯಲ್ಲಿ ಗಟ್ಟಿಯಾಗಿ ಓದಿ, ಬಾಯಲ್ಲಿ ಆಡಿ ಕಿವಿಯಲ್ಲಿ ಕೇಳಿದರೇ ಇಂಗ್ಲಿಷ್ ನಿಮ್ಮದಾಗುವುದು. ಮೂರನೆಯ ಬೆಂಚಿನಲ್ಲಿ ತುಳಸಿ ಅದನ್ನೂ ಬರೆದುಕೊಂಡಿದ್ದಳು; ಅವಳು ಎಲ್ಲವನ್ನೂ ಬರೆದುಕೊಳ್ಳುವ ಹುಡುಗಿ. ಆ ವಾರವೇ ಅವಳ ಅವ್ವ ಸಿದ್ದಮ್ಮ, ಬೆಳಗಿನ ಮಂಜಿನಲ್ಲಿ ಕಾಫಿ ಪಿಕಿಂಗಿಗೆ ಹೊರಟವಳು, ತೋಟದ ದಾರಿಯಲ್ಲೇ ತೀರಿಕೊಂಡಳು. ದಾರಿಯ ತಿರುವಿನಲ್ಲಿ ಅದು ನಿಂತಿತ್ತಂತೆ. ಪೇಪರಿನಲ್ಲಿ ಬಂದಿತ್ತು. ಕಾಲೇಜಿನಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಕೆಲವು ಉಪನ್ಯಾಸಕರು ಮನೆಗೂ ಹೋಗಿ ಬಂದರು. ಹಂಸಿನಿ ಹೋಗಲಿಲ್ಲ. ಆ ಮನೆಯಲ್ಲಿ ಕೂತು ಏನು ಮಾತಾಡುವುದು ಎಂದು ಗೊತ್ತಾಗಿರಲಿಲ್ಲ. ತಾನು ಹೇಳಿದ ಕತೆ ತನಗಿಂತ ಮೊದಲೇ ಅಲ್ಲಿಗೆ ಹೋಗಿ ಚಾಪೆಯ ಮೇಲೆ ಕೂತಿರಬಹುದು ಎಂಬ ಅನುಮಾನ ಆಗಲೇ ಇತ್ತೋ, ಈಗ ಬಸ್ಸಿನಲ್ಲಿ ಹುಟ್ಟಿತೋ.

"ಲೈನ್‌ಮನೆ ಸ್ಟಾಪಾ?" ಕಂಡಕ್ಟರ್ ಟಿಕೆಟ್ ಹರಿಯುತ್ತ ಅವಳ ತೊಡೆಯ ಕಡೆ ನೋಡಿದ. "ಬಾಳೆಹಣ್ಣು ಹಿಡ್ಕಂಡು ಆ ಕಡೆ ಹೊಂಟಿದೀರಲ್ಲ, ಭಾರೀ ಧೈರ್ಯ ಬುಡಿ ಮೇಡಂ." ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು. ಹಂಸಿನಿಯೂ ಅರ್ಥವಾದವಳ ಹಾಗೆ ನಕ್ಕಳು. ಅರ್ಥವಾಗದಿದ್ದಾಗಲೆಲ್ಲ ಅವಳು ಹೀಗೇ ನಗುವುದು. ಸ್ಟಾಫ್‌ರೂಮಿನಲ್ಲೂ ಹೀಗೇ ನಕ್ಕಿದ್ದಳು. ಪ್ರಿಪರೇಟರಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚುವ ದಿನ ವಿಭಾಗದ ಮುಖ್ಯಸ್ಥ ವಿಷ್ಣುಪ್ರಸಾದ್ ಸರ್ ತುಳಸಿಯ ಪತ್ರಿಕೆಯನ್ನು ಎತ್ತಿ ಹಿಡಿದು, "ಹಂಸಿನಿ ಮೇಡಂ, ನಿಮ್ಮ ಸ್ಟೂಡೆಂಟ್ ಪತ್ತೇದಾರಿ ಕಾದಂಬರಿ ಬರೆದಿದ್ದಾಳೆ ಮಾರಾಯ್ರೇ. ಅವನು ಬಂದ, ಅವನು ಬೆಟ್ಟ, ಅವನು ಏನೂ ಕೊಳ್ಳಲಿಲ್ಲ, ಅವನು ಹೋದ. ಆಸಾಮಿ ಯಾರು ಅಂತ ಕೊನೆವರೆಗೂ ಬಿಟ್ಟುಕೊಡಲಿಲ್ಲ!" ಎಂದಿದ್ದರು. ಕೆಟ್ಟ ಮನುಷ್ಯರೇನಲ್ಲ, ಮೌಲ್ಯಮಾಪನದ ಆಯಾಸಕ್ಕೆ ಎಲ್ಲರಿಗೂ ಒಂದು ನಗು ಬೇಕಿತ್ತು. ಆ ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ 'ಹೂ ಈಸ್ ಹೀ?' ಎಂದು ಬರೆದು ಸೊನ್ನೆ ಸುತ್ತಿದ್ದವಳು ಹಂಸಿನಿಯೇ. ಆದ್ದರಿಂದ ನಗು ಅವಳ ಪಾಲಿಗೂ ಬಂತು. ನಗುತ್ತಲೇ ತಲೆ ಎತ್ತಿದಾಗ ಬಾಗಿಲಲ್ಲಿ ಪತ್ರಿಕೆ ತೆಗೆದುಕೊಳ್ಳಲು ಬಂದ ತುಳಸಿ ನಿಂತಿದ್ದಳು. ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು, "ಥ್ಯಾಂಕ್ಯೂ ಮಿಸ್" ಎಂದು ಹೋಗಿದ್ದಳು.

ಅಂದು ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು, ದೇವರ ಮುಂದೆ ದೀಪ ಉರಿಯುತ್ತಿತ್ತು. ಹಂಸಿನಿ ಏನೋ ತಮಾಷೆ ಹೇಳುವವಳಂತೆ ಹೇಳಲು ಹೊರಟಿದ್ದಳು: "ಪದ್ಯ ಇರೋದೇ ದೊಡ್ಡವರ ಮೇಲೆ ಅಜ್ಜೀ, ಇವಳು ಹೆಸರೇ ಬರೆದಿಲ್ಲ." ಅಜ್ಜಿ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನೀನೂ ಈಗ ಹೇಳಲಿಲ್ಲವಲ್ಲ ಮಾರಾಯ್ತಿ," ಎಂದಳು. ಅಷ್ಟೇ. ಒಂದು ಕ್ಷಣ ಹಂಸಿನಿಗೆ ತನ್ನ ಬಾಯೊಳಗೆ ಇನ್ನೊಬ್ಬರ ನಾಲಿಗೆ ಇದ್ದ ಹಾಗಾಯಿತು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವ, ಅಕ್ಕಿ ಮುಗಿದರೂ ಡಬ್ಬ ತುಂಬಿದೆ ಎನ್ನುವ ಈ ಮನೆಯಲ್ಲಿ ಹುಟ್ಟಿ ಬೆಳೆದು, ಅದೇ ಮಾತನ್ನು ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಬರೆದರೆ ತನಗೆ ಗುರುತು ಸಿಗಲಿಲ್ಲ. ಕೈಯಲ್ಲಿ ಕೆಂಪು ಪೆನ್ನು ಇತ್ತು, ಅದಕ್ಕೇ. ಕನ್ನಡದಲ್ಲಿ ಯೋಚಿಸುವ ಹಂಸಿನಿ ಒಬ್ಬಳು, ಕೆಂಪು ಪೆನ್ನಿನ ಹಂಸಿನಿ ಇನ್ನೊಬ್ಬಳು; ಇಬ್ಬರೂ ಎಂದೂ ಒಂದೇ ಕೋಣೆಯಲ್ಲಿ ಕೂತವರಲ್ಲ. ಮರುದಿನ ಕಾಲೇಜಿನ ಜಗಲಿಯಲ್ಲಿ ತುಳಸಿಯನ್ನು ತಡೆದು ಮನೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದು ಇವರಿಬ್ಬರಲ್ಲಿ ಯಾರು? ಮಾತು ತಪ್ಪಿದವರು ಯಾರು?

ಅರಣ್ಯ ಇಲಾಖೆಯ ಜೀಪೊಂದು ಎದುರಿನಿಂದ ನಿಧಾನವಾಗಿ ಬಂತು. ಮೈಕಿನಲ್ಲಿ, ಸುತ್ತಮುತ್ತಲಿನ ತೋಟಗಳಲ್ಲಿ ಆನೆಗಳ ಸಂಚಾರ ಇದೆ, ಸಾರ್ವಜನಿಕರು ಸಂಜೆಯ ನಂತರ ಓಡಾಡಬಾರದು ಎಂದು ಹೇಳಿಕೊಂಡು ಹೋಯಿತು. ಬಸ್ಸು ನಿಂತಿತು. ಇಳಿದವಳು ಅವಳೊಬ್ಬಳೇ. ಗೇಟಿನ ಹತ್ತಿರ ಚಿನ್ನ ಕಾದು ನಿಂತಿದ್ದ. ತಲೆಗೆ ಟವೆಲು ಸುತ್ತಿದ, ಸಣ್ಣ ಕಣ್ಣಿನ, ಮಾತಿಗೆ ಮೊದಲೇ ನಗುವ ಮನುಷ್ಯ. "ಬಂದ್ರಾ ಮೇಡಂ," ಎಂದವನು ಬಾಳೆಹಣ್ಣು ನೋಡಿ ನಗು ನಿಲ್ಲಿಸಿ, ಟವೆಲು ಬಿಚ್ಚಿ ಚಿಪ್ಪನ್ನು ಮಗುವಿನ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಈ ಹೊತ್ನಲ್ಲಿ ಇದ್ರ ವಾಸ್ನೆ ಬ್ಯಾಡ. ಹಲಸಿನ ಮಿಡಿ ಸೈತ ಕಿತ್ತಾಕಿದೀವಿ ನಾವು." ಹಂಸಿನಿಯ ಮುಖ ಬಿಸಿಯಾಯಿತು. ಈ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅರ್ಧ ಗಂಟೆ ಆರಿಸಿ ತಂದ ಹಣ್ಣು. ಬೇರೆ ಏನು ತಂದಿದ್ದರೂ ಆಗುತ್ತಿತ್ತು. "ಇರ್ಲಿ ಬುಡಿ ಮೇಡಂ, ಕತ್ಲಾಗದ್ರೊಳಗೆ ತಿಂದಾಕಿದ್ರಾಯ್ತು," ಎಂದು ಅವನೇ ಸಮಾಧಾನ ಹೇಳಿದ. ಕಾಫಿ ಗಿಡಗಳ ನಡುವೆ ಸ್ಪ್ರಿಂಕ್ಲರುಗಳು ಚಟ್ ಚಟ್ ಎಂದು ತಿರುಗುತ್ತ ನೀರು ಎರಚುತ್ತಿದ್ದವು. ದಾರಿ ಎರಡಾಗುವಲ್ಲಿ ನೇರದ್ದನ್ನು ಬಿಟ್ಟು ಚಿನ್ನ ಬಳಸುದಾರಿ ಹಿಡಿದ. ನೇರದಾರಿಯಲ್ಲಿ ಮುಂದೆ ಒಂದು ತಿರುವಿತ್ತು.

ತೋಟದ ಕೂಲಿಗಳ ಲೈನಿನ ಕೊನೆಯ ಮನೆ. ಜಗಲಿಯಲ್ಲಿ ಚಾಪೆ ಹಾಸಿತ್ತು, ಚಾಪೆಯ ಅಂಚಿನಲ್ಲಿ ತುಳಸಿ ಕಾಲೇಜಿನ ಯೂನಿಫಾರಮ್ಮಿನಲ್ಲೇ ಕೂತಿದ್ದಳು. ಭಾನುವಾರ, ಅದೂ ತನ್ನ ಮನೆಯಲ್ಲಿ. ಮಿಸ್ ಬರುತ್ತಾರೆಂದು ಹಾಕಿಕೊಂಡದ್ದು. ಕಳೆದ ಎರಡು ಭಾನುವಾರವೂ ಹೀಗೇ ಹಾಕಿಕೊಂಡು ಕೂತಿದ್ದಳೇ ಎಂದು ಯೋಚಿಸಿ ಹಂಸಿನಿಗೆ ಚಪ್ಪಲಿ ಬಿಡುವುದಕ್ಕೂ ಸ್ವಲ್ಪ ಹೊತ್ತು ಬೇಕಾಯಿತು. ಒಳಗಿನಿಂದ ತುಳಸಿಯ ಅಜ್ಜಿ, ಚಿನ್ನನ ತಾಯಿ ಮುದ್ದಿ ಬಂದಳು. ಬೆಲ್ಲದ ಕಾಫಿಯ ಲೋಟ ಕೈಗಿಟ್ಟು, ಬಾಳೆಹಣ್ಣಿನ ಚಿಪ್ಪನ್ನು ಮುರಿದು ಎಲ್ಲರ ಮುಂದೂ ಇಟ್ಟು, "ತಿನ್ನಿ, ತಿನ್ನಿ. ಪಾಠ ಆಮೇಲೆ ಮಾಡೀರಂತೆ. ಮೊದ್ಲು ಇದು ಖಾಲಿಯಾಗ್ಲಿ," ಎಂದಳು. ನಾಲ್ಕು ಜನ ಗೋಡೆಗೆ ಒರಗಿ, ಮಾತಿಲ್ಲದೆ, ಪರೀಕ್ಷೆ ಬರೆಯುವವರ ಗಾಂಭೀರ್ಯದಿಂದ ಬಾಳೆಹಣ್ಣು ತಿಂದರು. ಮೂರನೆಯದಕ್ಕೆ ಹಂಸಿನಿ ಸಾಕೆಂದಾಗ ಮುದ್ದಿ, "ತಂದವ್ರು ನೀವು, ನೀವೇ ಸಾಕಂದ್ರೆ ಹೆಂಗೆ ಟೀಚರಮ್ಮ?" ಎಂದಳು. ತುಳಸಿ ನಕ್ಕಳು. ಆ ನಗುವಿಗಾಗಿ ಹಂಸಿನಿ ನಾಲ್ಕನೆಯದನ್ನೂ ತಿಂದಳು. ಸಿಪ್ಪೆಗಳನ್ನೆಲ್ಲ ಚಿನ್ನ ಹಿತ್ತಲಿನಲ್ಲಿ ಗುಂಡಿ ತೋಡಿ ಮುಚ್ಚಿ ಬಂದ.

ಪದಗಳಿಂದ ಶುರು ಮಾಡಿದರು. ಪದ್ಯದ ಕೆಳಗೆ ಕೊಟ್ಟ ಕಷ್ಟದ ಪದಗಳು. ಸಾಲೆಮ್ ಎಂದರೆ ಗಂಭೀರ. ಹಶ್ ಎಂದರೆ ಗದ್ದಲ ನಿಂತ ಮೇಲಿನ ಮೌನ, ಬರೀ ಮೌನವಲ್ಲ. "ಮೈಕಿನ ಜೀಪು ಹೋದ್ಮೇಲೆ ಇರ್ತದಲ್ಲ ಮಿಸ್, ಹಂಗಾ?" "ಹಾಗೇ." ತುಳಸಿಗೆ ಎಲ್ಲವೂ ಗೊತ್ತಿತ್ತು. ಅಲಂಕಾರಗಳಿಗೆ ಬಂದಾಗ ಹಂಸಿನಿ, ಪುಸ್ತಕದ್ದು ಬೇಡ, ನಿನ್ನದೇ ಹೇಳು ಎಂದಳು. ಸಿಮಿಲಿಗೆ ತುಳಸಿ ಸ್ವಲ್ಪ ಯೋಚಿಸಿ, "ನಮ್ಮಜ್ಜಿ ಬೆರಳು ಶುಂಠಿ ಹಂಗವೆ," ಎಂದಳು. "ಶುಂಠಿ ಕಿತ್ತೂ ಕಿತ್ತೂ ಹಂಗಾದ್ವು, ಹುಟ್ಟಾ ಹಂಗಿರ್ಲಿಲ್ಲ," ಎಂದು ಮುದ್ದಿ ಒಳಗಿನಿಂದಲೇ ತಕರಾರು ತೆಗೆದಳು. ಮೆಟಫರಿಗೆ ಉತ್ತರ ಚಿನ್ನನಿಂದ ಬಂತು: "ರೈಟರೇ ಜಿಗಣೆ! 'ಹಂಗೆ' ಅಂತ ಹಾಕಂಗಿಲ್ಲ ತಾನೆ ಮೇಡಂ? ಹಂಗೇನೂ ಇಲ್ಲ, ಅವ್ನು ಜಿಗಣೇನೇ." ಹಂಸಿನಿ ಇಷ್ಟು ಸರಿಯಾದ ರೂಪಕವನ್ನು ಕಾಲೇಜಿನಲ್ಲಿ ಕೇಳಿರಲಿಲ್ಲ ಎಂದು ಹೇಳಿ ನಕ್ಕಳು. ಈ ಸಲ ಅರ್ಥವಾಗಿಯೇ ನಕ್ಕಳು. ಇದು ಇಷ್ಟು ಸುಲಭವಾಗಿತ್ತೇ? ಎರಡು ಭಾನುವಾರ ತಾನು ಹೆದರಿದ್ದು ಈ ಜಗಲಿಗೇ? ಹೀಗೆಂದುಕೊಳ್ಳುತ್ತಿದ್ದಾಗಲೇ ತುಳಸಿ ಪುಸ್ತಕದ ಪುಟ ತಿರುಗಿಸಿ ಪದ್ಯದ ಮೇಲೆ ಅಂಗೈ ಇಟ್ಟಳು. ಅಂಗೈ ಪದ್ಯದ ಹೆಸರನ್ನು ಮುಚ್ಚಿತ್ತು.

"ಇದು ಬ್ಯಾಡ ಮಿಸ್."

"ಇದು ಬರುವ ಪ್ರಶ್ನೆ ತುಳಸಿ. ಪ್ರತಿ ವರ್ಷ ಇದರದೊಂದು ಬರುತ್ತದೆ."

"ಅದ್ಕೇ ನಾನು ಹೋಗಲ್ಲ ಅಂದಿದ್ದು. ಬರ್ದ್ರೆ ಹೆಸರು ಬರೀಬೇಕು. ಬರೀದೆ ಇದ್ರೆ ನೀವು ಸೊನ್ನೆ ಕೊಡ್ತೀರ." ದನಿಯಲ್ಲಿ ಸಿಟ್ಟಿರಲಿಲ್ಲ, ಕಾಲೇಜಿನ ವೇಳಾಪಟ್ಟಿ ಹೇಳುವ ಹಾಗಿತ್ತು. ಚಿನ್ನ, ಮಗಳ ಕಡೆ ನೋಡದೆ, "ಇಂಗ್ಲಿಷಲ್ಲಿ ಬರ್ದ್ರೆ ಆ ದೊಡ್ಡೋರಿಗೆ ಗೊತ್ತಾಗಲ್ಲ ಬುಡವ್ವ," ಎಂದ. ಒಳಗಿನಿಂದ ಮುದ್ದಿ, "ಯಾಕ್ ಗೊತ್ತಾಗಲ್ಲ? ದುಬಾರೆ ಕ್ಯಾಂಪಲ್ಲಿ ಮಾವುತ್ರ ಕೈಲಿ ಇರವಕ್ಕೆ ಹಿಂದಿ ಬತ್ತದೆ, ತುರುಕ್ರ ಮಾತು ಬತ್ತದೆ. ಟೂರಿಸ್ಟ್ ಬಂದೂ ಬಂದೂ ಇಂಗ್ಲಿಷ್ ಕಲೀದೆ ಇರ್ತವಾ?" ಎಂದಳು. ನಗಬೇಕಾದ ಮಾತು, ಯಾರೂ ನಗಲಿಲ್ಲ. ತುಳಸಿ ಅಂಗೈ ತೆಗೆಯದೆ, ಹಂಸಿನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ನೀವೇ ಹೇಳಿದ್ರಲ್ಲ ಮಿಸ್, ಗಟ್ಟಿಯಾಗಿ ಓದಿ ಅಂತ. ಅವತ್ತು ಸಂಜೆ ಓದ್ದೆ. ದೀಪ ಹಚ್ಚಿ ಆಗಿತ್ತು. ಹೆಸ್ರಿಂದ ಶುರು ಮಾಡಿ ಎಷ್ಟೋ ಸಲ ಓದ್ದೆ. ಬೆಳಗ್ಗೆ ಅವ್ವ ಹೋದ್ಲು." ಸ್ವಲ್ಪ ತಡೆದು, "ಕತೇಲಿ ಅವ್ನು ಕರೆದೋರ ಮನೆಗೇ ಬರಾದು ಅಲ್ವ ಮಿಸ್?"

ಸ್ಪ್ರಿಂಕ್ಲರಿನ ಚಟ್ ಚಟ್ ದೂರದಲ್ಲಿ ಒಂದೇ ಸಮ ಕೇಳುತ್ತಿತ್ತು. ಹಂಸಿನಿಗೆ ನಾಲಿಗೆಯ ತುದಿಯವರೆಗೆ ಬಂದದ್ದು, ಅದು ಬರೀ ಕತೆ ಕಣೇ, ಎನ್ನುವ ಮಾತು. ಬರೀ ಕತೆ. ಹಾಗೆನ್ನುವ ಹಕ್ಕು ತನಗೆಲ್ಲಿದೆ? ಮೊನ್ನೆ ಮೊನ್ನೆ ದೀಪದ ಮುಂದೆ ನಿಂತು 'ದೊಡ್ಡವರು' ಎಂದವಳು ತಾನು. ಕತ್ತಲಲ್ಲಿ ಹಿತ್ತಲ ಬಾಗಿಲು ಹಾಕುವಾಗ ಆ ಹೆಸರು ಮನಸ್ಸಿಗೆ ಬಂದರೆ ಸಾಕು, ಬೇರೆ ಏನನ್ನೋ ನೆನೆದು ಅಳಿಸುವವಳು ತಾನು. ಅಜ್ಜಿಯ ಕೈಬೆರಳು ಕೂದಲಲ್ಲಿ ಆಡುವಾಗ ನಿಜವಾಗಿದ್ದ ಕತೆ ಈ ಜಗಲಿಯಲ್ಲಿ ಮಾತ್ರ ಸುಳ್ಳಾಗಬೇಕೆಂದರೆ ಹೇಗೆ? ಜ್ವರದ ರಾತ್ರಿಗೆ ಒಪ್ಪಿಕೊಂಡದ್ದನ್ನು ಸಾವಿನ ಬೆಳಗಿಗೂ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಈ ಹುಡುಗಿ ತನ್ನ ಅವ್ವನನ್ನು ಕೊಂದ ಹಾಗಾಗುತ್ತದೆ, ಗಟ್ಟಿಯಾಗಿ ಓದು ಎಂದ ತಾನು ಅದಕ್ಕೆ ಕೈಜೋಡಿಸಿದ ಹಾಗಾಗುತ್ತದೆ. ಕತೆಯಲ್ಲಿ ಗೋಡೆಯ ಒಳಗಿದ್ದವರು ಯಾರು ಎಂದು ಕೇಳದೆ ಬೆಳೆದದ್ದಕ್ಕೆ ಈಗ ಉತ್ತರ ಚಾಪೆಯ ಮೇಲೆ ಯೂನಿಫಾರಂ ಹಾಕಿಕೊಂಡು ಕೂತಿತ್ತು. "ತುಳಸೀ," ಎಂದಳು. ಕೈಗೆ ಸಿಕ್ಕ ಕೆಲಸವನ್ನೇ ಮಾಡುವ ಹಾಗೆ, ಅವಳು ಆ ಅಂಗೈಯನ್ನು ಸರಿಸದೆ, ಅದರ ಕೆಳಗಿನಿಂದ ಪದ್ಯವನ್ನು ಓದತೊಡಗಿದಳು. ಆ ಪದ ಬಂದಲ್ಲಿ ನುಂಗಿಕೊಂಡು ಮುಂದೆ ಹೋದರಾಯಿತು ಎಂದುಕೊಂಡಳು. ಮೊದಲು ಇಂಗ್ಲಿಷು, ಆಮೇಲೆ ಮುದ್ದಿಗೂ ಚಿನ್ನನಿಗೂ ತಿಳಿಯಲೆಂದು ಕನ್ನಡ. ಬೂದಿ ಬಣ್ಣದ ಬೆಟ್ಟವೊಂದು ಎದ್ದು ಪೇಟೆಗೆ ಬಂತು, ಅದು ಏನನ್ನೂ ಕೊಳ್ಳುವುದಿಲ್ಲ. ಜರಡಿಯಿಂದ ಹಿಟ್ಟು ಬೀಳುವ ಹಾಗೆ ಅವನ ಹೆಜ್ಜೆ ಬೀಳುತ್ತದೆ. ಅಂಗಡಿಗಳು ಉಸಿರು ಬಿಗಿಹಿಡಿದಿವೆ. ಅವನು ಹೋದ ಮೇಲೆ ಬೀದಿ ನೀರಿನ ಹಾಗೆ ಹಿಂದಿನಿಂದ ಮುಚ್ಚಿಕೊಂಡಿತು.

ಪದ್ಯ ಮುಗಿದಿತ್ತು. ಅವಳು ಏನನ್ನೂ ನುಂಗಿಕೊಂಡಿರಲಿಲ್ಲ. ಹಂಸಿನಿ ಮತ್ತೆ ಮೇಲಿನಿಂದ ಕಣ್ಣಾಡಿಸಿದಳು, ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. ಆ ಪದ ಪದ್ಯದಲ್ಲಿ ಎಲ್ಲೂ ಇರಲಿಲ್ಲ. ಶೀರ್ಷಿಕೆಯಲ್ಲಿ ಒಂದು ಸಲ ಹೇಳಿದ್ದು ಬಿಟ್ಟರೆ, ಕವಿ ಉದ್ದಕ್ಕೂ ಬೆಟ್ಟವೆಂದ, ಅವನು ಎಂದ, ಹೆಸರೆತ್ತಲೇ ಇಲ್ಲ. ವರ್ಷವಿಡೀ ಪಾಠ ಮಾಡಿ, ಅಲಂಕಾರಗಳ ಕೆಳಗೆ ಗೆರೆ ಎಳೆಸಿ, ನೋಟ್ಸ್ ಕೊಟ್ಟು, ತಾನು ಇದನ್ನು ನೋಡಿರಲಿಲ್ಲ. "ತುಳಸೀ, ನೋಡಿಲ್ಲಿ," ಎಂದ ದನಿ ಉಪನ್ಯಾಸಕಿಯದಾಗಿರಲಿಲ್ಲ. "ಇವರೂ ಹೇಳಿಲ್ಲ. ನೀನು ಬರೆದ ಹಾಗೇ ಬರೆದಿದ್ದಾರೆ. ನಾನು ಕೊಟ್ಟ ಸೊನ್ನೆ ಈ ಪದ್ಯ ಬರೆದವರಿಗೂ ಸಲ್ಲಬೇಕಾಗಿತ್ತು." ತುಳಸಿ ಬಗ್ಗಿ ನೋಡಿದಳು. ಅವಳ ತುಟಿ ಸಾಲುಗಳ ಮೇಲೆ ಸದ್ದಿಲ್ಲದೆ ಓಡಿ ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬಂತು. "ಅವ್ರಿಗೂ ಭಯ ಇತ್ತಾ ಮಿಸ್?" "ಗೊತ್ತಿಲ್ಲ," ಎಂದಳು ಹಂಸಿನಿ. ಇಷ್ಟು ದಿನ ಬೋರ್ಡಿನ ಮುಂದೆ ಒಮ್ಮೆಯೂ ಆಡದ ಮಾತು ಅದು. "ಅದೇ ಪ್ರಶ್ನೆ. ಯಾಕೆ ಹೇಳಲಿಲ್ಲ ಅನ್ನೋದನ್ನೇ ಬರಿ ನಾಳೆ. ಆದರೆ ತುಳಸೀ, ಉತ್ತರದ ಮೊದಲ ಸಾಲಿನಲ್ಲಿ ಪದ್ಯದ ಹೆಸರು ಬರೆಯಲೇಬೇಕು. ಒಂದೇ ಒಂದು ಸಲ. ಪೇಪರ್ ನೋಡುವವರು ಯಾರೋ, ಅವರ ಕೈಯಲ್ಲೂ ಕೆಂಪು ಪೆನ್ನಿರುತ್ತದೆ." ತುಳಸಿಯ ಮುಖ ಮತ್ತೆ ಮುಚ್ಚಿಕೊಂಡಿತು. ಪದ್ಯದ ಬೀದಿಯ ಹಾಗೆ, ಹಿಂದಿನಿಂದ.

ಬಿಸಿಲು ತೋಟದ ಸಿಲ್ವರ್ ಓಕ್ ಮರಗಳ ತುದಿಗೆ ಹತ್ತಿತ್ತು. ಚಿನ್ನ ಒಮ್ಮೆ ಆಕಾಶ ನೋಡಿ, "ಬಸ್ಸು ಹೋಗಿರ್ತದೆ. ಇರ್ಲಿ, ನಾನು ತೋಟದ ಜೀಪಲ್ಲಿ ಬುಟ್ಟು ಬತ್ತೀನಿ," ಎಂದ. ಮುದ್ದಿ ಹಿತ್ತಾಳೆಯ ದೀಪ, ಎಣ್ಣೆಯ ಗಿಂಡಿ, ಬೆಂಕಿಪೊಟ್ಟಣ ಹಿಡಿದುಕೊಂಡು ಹೊರಗೆ ಬಂದಳು. ಹೊಸಿಲ ಪಕ್ಕದ ಗೂಡಿನಲ್ಲಿ ದೀಪ ಇಟ್ಟು, ಬತ್ತಿ ಹೊಸೆದು, ಎಣ್ಣೆ ಬಿಟ್ಟಳು. ಕಡ್ಡಿ ಗೀರಲಿಲ್ಲ. ಮೊಮ್ಮಗಳಿಗೆ ಬೆನ್ನು ಹಾಕಿಯೇ ಮಾತಾಡಿದಳು. "ನೀನು ಟೀಚರಮ್ಮಂಗೆ ಪಿಸುಗುಟ್ಟಿದ್ದು ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ? ಅವತ್ತು ನಾನೇ ಅಂದೆ, ಬಾಯ್ಮುಚ್ಕಂಡು ಓದೇ, ದೀಪ ಹಚ್ಚೈತೆ ಅಂತ. ನಿಮ್ಮವ್ವ ಏನಂದ್ಲು?"

ತುಳಸಿ ಚಾಪೆಯ ಅಂಚಿನ ಎಳೆ ಕೀಳತೊಡಗಿದಳು.

"ಏನಂದ್ಲು, ಹೇಳು."

"'ಓದ್ಲಿ ಬುಡತ್ತೆ, ಕೇಳಕ್ಕೆ ಚಂದಾಗೈತೆ' ಅಂದ್ಲು."

"ಹೂಂ. ಇನ್ನೊಂದ್ಸಲ ಓದು ಅಂತ ಅವ್ಳೇ ಓದ್ಸಿದ್ದು. ರೊಟ್ಟಿ ಸೀದೋಗಿದ್ದೂ ಗೊತ್ತಾಗ್ಲಿಲ್ಲ ಅವ್ಳಿಗೆ." ಮುದ್ದಿ ಬತ್ತಿಯ ತುದಿಯನ್ನು ಬೆರಳಲ್ಲಿ ಸರಿ ಮಾಡಿದಳು, ಸರಿಯಿದ್ದದ್ದನ್ನೇ ಮತ್ತೆ ಸರಿ ಮಾಡಿದಳು. "ಮತ್ತೆ ಕೇಳಿಲ್ಲಿ. ಕರೆದ್ರೆ ಬತ್ತದೆ ಅಂತೀಯಲ್ಲ. ಅವ್ಳು ಹೋದ್ಮೇಲೆ ದಿನಾ ಸಂಜೆ ನಾನು ಹಿತ್ಲಿಗೆ ಹೋಗ್ತೀನಿ, ಬೂದಿ ಚೆಲ್ಲಕ್ಕೆ ಅಂತ. ಬೂದಿ ಚೆಲ್ಲಿ, ಬೇಲಿ ಹತ್ರ ನಿಂತ್ಕಂಡು, ಹೆಸ್ರಿಟ್ಟೇ ಕರೀತೀನಿ. ದೀಪ ಹಚ್ಚಾದ್ಮೇಲೇನೇ. 'ಬಾ, ಎಳೇ ಜೀವ ತಗಂಡ್ಯಲ್ಲ, ಈ ಮುದುಕೀನ ಯಾಕೆ ಬಿಟ್ಟೆ, ಬಾ' ಅಂತ. ಹೊಲಸು ಹೊಲಸಾಗೂ ಬಯ್ದಿದೀನಿ. ಬಂತಾ? ಒಂದಿನಾದ್ರೂ ಬಂತಾ?"

ಚಿನ್ನ ತಾಯಿಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ. ಹಂಸಿನಿ ಆ ಬೇಲಿಯನ್ನು ಕಂಡಳು, ಬೇಲಿಯ ಈಚೆ ಶುಂಠಿಯಂಥ ಬೆರಳುಗಳಲ್ಲಿ ಖಾಲಿ ಬುಟ್ಟಿ ಹಿಡಿದು ಕತ್ತಲನ್ನು ಹೆಸರಿಟ್ಟು ಕರೆಯುವ ಮುದುಕಿಯನ್ನು, ಬೇಲಿಯ ಆಚೆ ಏನೂ ಇಲ್ಲದ್ದನ್ನು. ಅಜ್ಜಿಯ ಕತೆಯೊಳಗೆ ಇಷ್ಟು ದಿನ ತೆರೆದೇ ಇದ್ದ ಬಾಗಿಲು ಅವಳಲ್ಲಿ ಎಲ್ಲೋ ಸದ್ದಿಲ್ಲದೆ ಮುಚ್ಚಿತು. ಹಗುರವಾಯಿತು. ಏನೋ ಕಳೆದೂ ಹೋಯಿತು. ತುಳಸಿ ಅಳುತ್ತಿದ್ದಳು. ಅಳುತ್ತಲೇ, ವಾದಕ್ಕೆ ನಿಂತವಳ ಹಾಗೆ ಕೇಳಿದಳು: "ಹಂಗಾದ್ರೆ ಮತ್ತೆ ಯಾಕೆ ಹೇಳ್ಬಾರ್ದು? ಬರಲ್ಲ ಅಂದ್ಮೇಲೆ ದೀಪ ಹಚ್ಚಿದ್ಮೇಲೂ ಹೇಳ್ಬೌದಲ್ಲ?"

"ಅದು ಬೇರೆ," ಎಂದಳು ಮುದ್ದಿ. "ಅದು ಭಯಕ್ಕಲ್ಲ, ಮರ್ಯಾದೆಗೆ. ಅದ್ಕೂ ಮರ್ಯಾದೆ, ನಮಗೂ ಮರ್ಯಾದೆ. ಹಗಲಲ್ಲಿ ಯಾರೂ ಬ್ಯಾಡ ಅಂದಿಲ್ಲ. ನಾಳೆ ಪರೀಕ್ಷೆ ಹಗಲಲ್ಲೇ ತಾನೆ? ಈಗ್ಲೂ ಇನ್ನೂ ಹಗಲೇ. ನಾನು ಹಚ್ಚೋವರ್ಗೂ ಹಗಲೇ." ಕಡ್ಡಿಯನ್ನು ಪೊಟ್ಟಣದ ಪಕ್ಕಕ್ಕೆ ಹಿಡಿದು ನಿಂತಳು. "ಬರಿ. ಕಾಯ್ತೀನಿ."

ಪಕ್ಕದ ಮನೆಗಳಲ್ಲಿ ಒಂದೊಂದೇ ದೀಪ ಹತ್ತಿಕೊಂಡಿತು. ಯಾರೋ ಹಾದುಹೋಗುವಾಗ, "ಏನ್ ಮುದ್ದಕ್ಕಾ, ಇನ್ನೂ ಹಚ್ಚಿಲ್ವಾ?" ಎಂದು ಕೇಳಿದರು. "ನಮ್ಮನೇಲಿ ಇನ್ನೂ ಹೊತ್ತಾಗಿಲ್ಲ ಹೋಗು," ಎಂದಳು. ತುಳಸಿ ಹಾಳೆ ಎಳೆದುಕೊಂಡು ಕೆಳಗಿನಿಂದ ಬರೆಯತೊಡಗಿದಳು. ಮೇಲಿನ ಸಾಲಿಗೆ ಜಾಗ ಬಿಟ್ಟು, ಅವನು ಬೆಟ್ಟ ಎಂದು ಬರೆದಳು, ಇದು ರೂಪಕ. ಹೆಜ್ಜೆ ಹಿಟ್ಟಿನ ಹಾಗೆ, ಇದು ಉಪಮೆ. ಅಂಗಡಿಗಳು ಉಸಿರು ಹಿಡಿದವು. ಕವಿ ಅವನ ಹೆಸರು ಹೇಳುವುದಿಲ್ಲ ಎಂದು ಬರೆದು ಪೆನ್ನು ನಿಲ್ಲಿಸಿದಳು. ಆಮೇಲೆ, 'ದ ಪೊಯೆಟ್ ಗಿವ್ಸ್ ಹಿಮ್ ರೆಸ್ಪೆಕ್ಟ್'. ಹಂಸಿನಿಯ ಕೈಯಲ್ಲಿ ಪೆನ್ನಿರಲಿಲ್ಲ; ಇದ್ದಿದ್ದರೂ ತಿದ್ದುವುದೇನಿತ್ತು? ಅಕ್ಷರ ಕಾಣುವಷ್ಟೇ ಬೆಳಕು ಉಳಿದಿತ್ತು. ಚಿನ್ನ ಮೊಬೈಲಿನ ಟಾರ್ಚ್ ಹಾಕಲು ಹೋದಾಗ ಮುದ್ದಿ, "ಅದೂ ದೀಪಾನೇ ಕಣೋ, ಮಡಗು," ಎಂದು ಗದರಿಸಿದಳು. ತುಳಸಿ ಹಾಳೆಯನ್ನು ಮುಖದ ಹತ್ತಿರ ತಂದು, ಮೇಲೆ ಬಿಟ್ಟ ಜಾಗಕ್ಕೆ ಹೋಗಿ, ಒಂದೊಂದೇ ಅಕ್ಷರವಾಗಿ, ಒಂದನೆಯ ತರಗತಿಯವಳ ಹಾಗೆ, ಪದ್ಯದ ಹೆಸರನ್ನು ಬರೆದಳು. ಬರೆದದ್ದರ ಮೇಲೆ ಬಗ್ಗಿ ಅದನ್ನು ಒಮ್ಮೆ ಓದಿದಳು. ಗಟ್ಟಿಯಾಗಿಯೇ ಓದಿದಳು.

ತೋಟ ತನ್ನಷ್ಟಕ್ಕೆ ಇತ್ತು.

"ಆಯ್ತಾ?" ಎಂದಳು ಮುದ್ದಿ.

"ಆಯ್ತಜ್ಜಿ."

ಮುದ್ದಿ ಕಡ್ಡಿ ಗೀರಿದಳು.